ನೀರಂಚಿನ ಬಿಳಿ ಹೂವು, ಗಡ್ಡೆಯೊಳಗಿನ ವಿಷ: ಓದುಗರ ಪ್ರಶ್ನೆ, ಅಂಕಣದ ಉತ್ತರ

ಈ ಬಾರಿ ತೋಟಗಾರಿಕೆಯ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡದ ಬಗ್ಗೆ ಇದ್ದುದರಿಂದ ಅವನ್ನೆಲ್ಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ನರ್ಸರಿಗಳಲ್ಲಿ ಸುದರ್ಶನ ಎಂದೂ ಕ್ರೈನಮ್ ಲಿಲ್ಲಿ ಎಂದೂ ಮಾರಾಟವಾಗುವ, ನಮ್ಮ ಕರಾವಳಿಯ ಹೊಳೆದಂಡೆ, ಅಳಿವೆ ಮತ್ತು ತೋಡಿನ ಬದಿಗಳಲ್ಲಿ ಯಾರೂ ನೆಡದೆ ತಾನಾಗಿಯೇ ಬೆಳೆಯುವ ಬಹುವಾರ್ಷಿಕ ಗಡ್ಡೆಗಿಡ ಇದು. ಇದೇ ಬಗೆಯ ಜೌಗು ಜಾಗದ ಇನ್ನೊಂದು ವಿಷಸಸ್ಯದ ಕುರಿತು ಕಾರ್ಕಳದಿಂದ ಬಂದ ಪ್ರಶ್ನೆಯನ್ನೂ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ತಗ್ಗು ಜಾಗ ಬೈಲಿಗೆ ತಾಗಿಕೊಂಡಿದೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೂ ಅಲ್ಲಿ ನೀರು ನಿಲ್ಲುತ್ತದೆ. ನೆಟ್ಟ ದಾಸವಾಳ, ಗುಲಾಬಿ ಎರಡೂ ಬೇರು ಕೊಳೆತು ಹೋದವು. ಬೇಸಿಗೆಯಲ್ಲಿ ಹೊಳೆಯ ನೀರು ಉಪ್ಪಾಗುವುದರಿಂದ ಆ ಮಣ್ಣಿಗೂ ಸ್ವಲ್ಪ ಉಪ್ಪು ಏರುತ್ತದೆ. ಅಲ್ಲಿ ಕ್ರೈನಮ್ ನೆಡಬಹುದೇ? ವಿಷದ ಗಿಡವನ್ನು ಹಿತ್ತಲಿಗೆ ತರುವುದು ಬೇಡ ಎಂದು ಮನೆಯ ಹಿರಿಯರ ಆಕ್ಷೇಪವಿದೆ. — ಓದುಗರೊಬ್ಬರು, ಉದ್ಯಾವರ

ಉತ್ತರ: ಧಾರಾಳವಾಗಿ ನೆಡಬಹುದು. ಇಂಥ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಹೂಗಿಡವನ್ನು ಸೂಚಿಸುವುದು ಕಷ್ಟ. ಹಿರಿಯರ ಆಕ್ಷೇಪವೂ ನಿರಾಧಾರವಲ್ಲವಾದ್ದರಿಂದ ವಿಷದ ವಿಚಾರವನ್ನು ಮುಂದಿನ ಉತ್ತರವೊಂದರಲ್ಲಿ ವಿವರವಾಗಿ ಹೇಳುತ್ತೇವೆ. ಇಲ್ಲಿ ನೆಡುವ ಕ್ರಮವನ್ನಷ್ಟೇ ನೋಡೋಣ.

ಮೊದಲು ಯಾವ ಜಾತಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಕ್ರೈನಮ್ ಏಷ್ಯಾಟಿಕಮ್ ದೊಡ್ಡ ಗಿಡ. ಅದರ ಎಲೆ ಅಂಗೈಯಷ್ಟು ಅಗಲವಾಗಿ, ಒಂದು ಮೀಟರಿನವರೆಗೂ ಉದ್ದವಾಗಿ, ದಪ್ಪ ಕಾಂಡದಂತೆ ಕಾಣುವ ಗಡ್ಡೆಯ ಕುತ್ತಿಗೆಯ ಸುತ್ತ ಹರಡಿಕೊಳ್ಳುತ್ತದೆ. ಒಂದು ದಂಟಿನ ತುದಿಯಲ್ಲಿ 20ರಿಂದ 30 ಹೂಗಳು ಗೊಂಚಲಾಗಿ ಬರುತ್ತವೆ. ಹೂವಿನ ಎಸಳು ಬೆರಳಿಗಿಂತಲೂ ಕಿರಿದು, ಕೇಸರದ ದಂಟು ನೇರಳೆಗೆಂಪು. ಸಮುದ್ರದಂಚಿನ ಗಿಡವಾದ್ದರಿಂದ ಉಪ್ಪುಗಾಳಿಯನ್ನೂ ಮಣ್ಣಿನ ಅಲ್ಪಸ್ವಲ್ಪ ಉಪ್ಪನ್ನೂ ಇದು ಲೆಕ್ಕಿಸುವುದಿಲ್ಲ. ಕ್ರೈನಮ್ ವಿವಿಪಾರಮ್ ಇದಕ್ಕಿಂತ ಸಪೂರ. ಎಲೆಯ ಅಗಲ ಎರಡು ಮೂರು ಸೆಂಟಿಮೀಟರ್ ಮಾತ್ರ, ಹೂವಿನ ಸಂಖ್ಯೆಯೂ ಕಡಿಮೆ, ಆದರೆ ಹೊಳೆಯ ಕೆಸರಿನಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದರೂ ಜಗ್ಗದ ಗಿಡ. ನಿಮ್ಮ ಜಾಗದಲ್ಲಿ ನೀರು ತೀರಾ ನಿಲ್ಲುವ ನಡುಭಾಗಕ್ಕೆ ಎರಡನೆಯದನ್ನು, ಅಂಚಿನ ಏರುಭಾಗಕ್ಕೆ ಮೊದಲನೆಯದನ್ನು ಹಾಕುವುದು ಸರಿಯಾದ ಹಂಚಿಕೆ ಎಂದು ನಮಗೆ ತೋರುತ್ತದೆ. ನರ್ಸರಿಯಲ್ಲಿ ಕೊಳ್ಳುವಾಗ ಹೂವನ್ನು ನೋಡಿಯೇ ಕೊಳ್ಳಿ. ಕೇಸರಗಳ ಬುಡವನ್ನೆಲ್ಲ ಸೇರಿಸಿ ಹಿಡಿದಿರುವ ತೆಳುವಾದ ಬಿಳಿ ಬಟ್ಟಲು ಕಂಡರೆ ಅದು ಅಮೆರಿಕ ಮೂಲದ ಹೈಮೆನೊಕ್ಯಾಲಿಸ್ ಎಂಬ ಬೇರೆಯೇ ಗಿಡ. ಕ್ರೈನಮ್ ಹೂವಿನಲ್ಲಿ ಕೇಸರಗಳು ಬಿಡಿಬಿಡಿಯಾಗಿಯೇ ನಿಂತಿರುತ್ತವೆ. ಹೈಮೆನೊಕ್ಯಾಲಿಸ್ ಕೂಡ ವಿಷಕಾರಿಯೇ, ಅದೂ ತೇವದಲ್ಲಿ ಬೆಳೆಯುವುದೇ. ಆದರೂ ಹಣ ಕೊಟ್ಟ ಮೇಲೆ ಕೇಳಿದ್ದೇ ಸಿಗಬೇಕಷ್ಟೆ.

ನೆಡುವ ಕಾಲದಲ್ಲಿ ಹೆಚ್ಚಿನವರು ಎಡವುತ್ತಾರೆ. ಜೌಗಿನ ಗಿಡ ತಾನೇ ಎಂದು ಜುಲೈ ತಿಂಗಳ ಜಡಿಮಳೆಯಲ್ಲಿ, ಆಗ ತಾನೇ ತಾಯಿಬುಡದಿಂದ ಕಿತ್ತ ಗಡ್ಡೆಯನ್ನು ನಿಂತ ನೀರಿನಲ್ಲಿ ಊರಿದರೆ ಅದು ಖಂಡಿತ ಕೊಳೆಯುತ್ತದೆ, ಏಕೆಂದರೆ ನೀರನ್ನು ತಾಳಿಕೊಳ್ಳುವುದು ಬೇರು ಬಿಟ್ಟು ನೆಲೆನಿಂತ ಗಡ್ಡೆಯೇ ಹೊರತು ಗಾಯವಾದ ಗಡ್ಡೆಯಲ್ಲ. ಮರಿಗಡ್ಡೆಯನ್ನು ಬೇರ್ಪಡಿಸಿದ ಮೇಲೆ ಎರಡು ಮೂರು ದಿನ ನೆರಳಿನಲ್ಲಿಟ್ಟು ಗಾಯ ಆರಿಸಬೇಕು. ಮೇ ಕೊನೆಯಲ್ಲಿ ಮುಂಗಾರುಪೂರ್ವದ ಒಂದೆರಡು ಮಳೆ ಬಿದ್ದು ನೆಲ ಹದವಾದಾಗ, ಅದು ತಪ್ಪಿದರೆ ಸೆಪ್ಟೆಂಬರ್ ನಂತರ ನೀರು ಇಳಿಯತೊಡಗಿದಾಗ ನೆಡಬೇಕು. ಮಣ್ಣನ್ನು ಒಂದು ಗೇಣಿನಷ್ಟು ಏರಿಸಿ ದಿಬ್ಬ ಮಾಡಿ, ಗಡ್ಡೆಯ ದಪ್ಪ ಭಾಗ ಮಣ್ಣಿನೊಳಗೂ ಕುತ್ತಿಗೆ ಮೇಲೆಯೂ ಇರುವಂತೆ ಕೂರಿಸಿ. ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ ಅಂತರವಿರಲಿ. ಈಗ ಅದು ವಿಪರೀತ ಎನಿಸಿದರೂ ಕೆಲವು ವರ್ಷಗಳಲ್ಲಿ ಮರಿಗಳೆದ್ದು ಜಾಗ ತುಂಬಿಕೊಳ್ಳುತ್ತದೆ. ಒಮ್ಮೆ ನೆಟ್ಟ ಮೇಲೆ ಪದೇ ಪದೇ ಕಿತ್ತು ನೋಡುವುದು, ಜಾಗ ಬದಲಿಸುವುದು ಈ ಗಿಡಕ್ಕೆ ಆಗದು; ಪ್ರತಿ ಸಲವೂ ಒಂದು ವರ್ಷದ ಹೂವು ನಷ್ಟವಾಗುತ್ತದೆ.

ಗೊಬ್ಬರದ ವಿಚಾರದಲ್ಲಿ ಹೇಳಬೇಕಾದ್ದು ಕಡಿಮೆ. ಮಳೆಗೆ ಮುನ್ನ ಒಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ, ಮಳೆ ಕಳೆದ ಮೇಲೆ ಒಂದಿಷ್ಟು ಸುಡುಮಣ್ಣು ಸಾಕು. ಜಂಬಿಟ್ಟಿಗೆ ಮಣ್ಣಿನ ಹುಳಿಯನ್ನು ಸುಡುಮಣ್ಣು ಸ್ವಲ್ಪ ತಗ್ಗಿಸುವುದರ ಜೊತೆಗೆ ಹೂವಿಗೆ ಬೇಕಾದ ಪೊಟ್ಯಾಷನ್ನೂ ಒದಗಿಸುತ್ತದೆ. ಬೇಸಿಗೆಯಲ್ಲಿ ನೆಲ ಪೂರ್ತಿ ಬಿರಿಯದಂತೆ ಆಗಾಗ ನೀರು ಕೊಟ್ಟರೆ ಎಲೆ ಹಸಿರಾಗಿ ಉಳಿಯುತ್ತದೆ, ಕೊಡದಿದ್ದರೂ ಗಡ್ಡೆ ಸಾಯುವುದಿಲ್ಲ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿ. ದೊಡ್ಡ ಕುಂಡದಲ್ಲಿ ಕ್ರೈನಮ್ ಸೊಂಪಾಗಿ ಬೆಳೆದಿದೆ, ಆದರೆ ಹೂವು ಬಿಡುತ್ತಿಲ್ಲ. ನೀರಿನ ಗಿಡವೆಂದು ಕುಂಡದ ತಟ್ಟೆಯಲ್ಲಿ ಸದಾ ನೀರು ನಿಲ್ಲಿಸಿದ್ದೇನೆ. — ಗೃಹಿಣಿ, ಬಿಜೈ, ಮಂಗಳೂರು

ಉತ್ತರ: ಎಲೆ ಸೊಂಪಾಗಿದ್ದು ಹೂವಿಲ್ಲವೆಂದರೆ ಬಿಸಿಲು ಸಾಲದಿರುವುದು ಅಥವಾ ಸಾರಜನಕದ ಗೊಬ್ಬರ ಹೆಚ್ಚಾಗಿರುವುದು, ಇವೆರಡರಲ್ಲಿ ಒಂದು ಕಾರಣ. ದಿನಕ್ಕೆ ಕನಿಷ್ಠ ನಾಲ್ಕೈದು ಗಂಟೆ ನೇರ ಬಿಸಿಲು ಬೀಳುವ ಕಡೆಗೆ ಕುಂಡವನ್ನು ಸರಿಸಿ; ಯೂರಿಯಾ, ಕಡಲೆಹಿಂಡಿಯಂಥವನ್ನು ನಿಲ್ಲಿಸಿ ಬೂದಿ ಅಥವಾ ಸುಡುಮಣ್ಣು ಕೊಡಿ. ಕುಂಡ ಇಕ್ಕಟ್ಟಾಯಿತೆಂದು ಅವಸರದಲ್ಲಿ ಬದಲಿಸಬೇಡಿ, ಬೇರು ಸ್ವಲ್ಪ ಬಿಗಿಯಾದಷ್ಟೂ ಇದು ಹೂವಿಗೆ ತಿರುಗುತ್ತದೆ. ತಟ್ಟೆಯ ನೀರನ್ನು ಮಾತ್ರ ಇಂದೇ ಚೆಲ್ಲಿ. ಗಿಡಕ್ಕೆ ಅದರಿಂದ ಕೇಡಿಲ್ಲ, ಆದರೆ ಮಲೇರಿಯಾ, ಡೆಂಗ್ಯೂ ಎರಡರ ಕಾಟವನ್ನೂ ಕಂಡಿರುವ ಮಂಗಳೂರಿನಲ್ಲಿ ನಿಂತ ನೀರನ್ನು ವಾರಗಟ್ಟಲೆ ಇಟ್ಟುಕೊಳ್ಳುವುದು ನೆರೆಹೊರೆಯವರಿಗೂ ಅಪಾಯ. ಮಣ್ಣಿನಲ್ಲಿ ತೇವವಿದ್ದರೆ ಸಾಕು.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮಗು, ಒಂದು ನಾಯಿ, ಹಟ್ಟಿಯಲ್ಲಿ ಎರಡು ದನಗಳಿವೆ. ಬಾವಿಯ ಹತ್ತಿರವೇ ಈ ಗಿಡದ ಹಳೆಯ ಬುಡ ಇದೆ. ಇದು ಎಷ್ಟು ವಿಷ? ಬಾವಿಯ ನೀರಿಗೆ ವಿಷ ಇಳಿಯುತ್ತದೆಯೇ? ಕಿತ್ತು ಎಸೆಯಬೇಕೇ? — ಓದುಗರು, ಮಣಿಪಾಲ ಸಮೀಪ

ಉತ್ತರ: ಗಿಡದ ಎಲ್ಲ ಭಾಗಗಳಲ್ಲಿಯೂ, ಎಲ್ಲಕ್ಕಿಂತ ಹೆಚ್ಚಾಗಿ ಗಡ್ಡೆಯಲ್ಲಿ, ಲೈಕೊರಿನ್ ಮತ್ತು ಅದರ ಬಳಗದ ಆಲ್ಕಲಾಯ್ಡ್‌ಗಳಿವೆ. ಡ್ಯಾಫೊಡಿಲ್, ಅಮರಿಲ್ಲಿಸ್ ಗಡ್ಡೆಗಳಲ್ಲಿರುವ ವಿಷವೂ ಇದೇ. ಇದನ್ನು ತಿಂದವರಿಗೆ ಬಾಯಿ ತುಂಬ ಜೊಲ್ಲು, ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಆಗುತ್ತದೆ. ಅದರ ಜೊತೆಗೆ ಗಿಡದ ರಸದಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿ, ಗಂಟಲು, ಚರ್ಮ ಎಲ್ಲಿ ತಾಗಿದರೂ ತುರಿಕೆ, ಉರಿ ತರುತ್ತವೆ. ಹಸಿ ಕೆಸುವಿನ ದಂಟು ಕತ್ತರಿಸಿ ಅಭ್ಯಾಸವಿರುವ ನಮ್ಮ ಕಡೆಯವರಿಗೆ ಈ ತುರಿಕೆ ಹೊಸದೇನಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಗಮನದಲ್ಲಿಡಬೇಕು: ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಕೆಸುವಿನ ತುರಿಕೆ ಹೋಗುತ್ತದೆ, ಬೇಯಿಸಿದ ಮಾತ್ರಕ್ಕೆ ಕ್ರೈನಮ್ ಗಡ್ಡೆಯ ವಿಷ ಹೋಗುವುದಿಲ್ಲ.

ಕಹಿಯ ಕಾರಣದಿಂದ ಯಾರೂ ಇದನ್ನು ಬೇಕೆಂದು ಹೆಚ್ಚು ತಿನ್ನುವುದಿಲ್ಲ, ತಿಂದರೂ ವಾಂತಿಯಾಗಿ ಹೊರಬರುವುದರಿಂದ ಪ್ರಾಣಕ್ಕೆ ಮುಳುವಾಗುವುದು ಅಪರೂಪ. ಚಿಕ್ಕ ಮಕ್ಕಳಲ್ಲಿ ವಾಂತಿಭೇದಿಯಿಂದ ಮೈಯ ನೀರು ಬೇಗ ಬತ್ತುವುದೇ ನಿಜವಾದ ಆತಂಕ. ಮಗು ಕಚ್ಚಿದೆ ಎಂದು ಗೊತ್ತಾದರೆ ಬಾಯಲ್ಲಿರುವುದನ್ನು ಬೆರಳಿನಿಂದ ತೆಗೆದು, ಬಾಯಿ ತೊಳೆಸಿ, ಗಿಡದ ಒಂದು ತುಂಡನ್ನು ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ. ಈ ವಿಷಕ್ಕೆಂದೇ ಬೇರೆ ಪ್ರತ್ಯೌಷಧವಿಲ್ಲ, ವೈದ್ಯರು ಲಕ್ಷಣಗಳಿಗೆ ತಕ್ಕ ಚಿಕಿತ್ಸೆ ಕೊಡುತ್ತಾರೆ. ಹಾಗಾಗಿ ಏನು ತಿಂದದ್ದು, ಎಷ್ಟು ಹೊತ್ತಾಯಿತು ಎಂಬ ಖಚಿತ ಮಾಹಿತಿ ಅವರಿಗೆ ಬಹಳ ಉಪಯೋಗ.

ನಾಯಿಗಳಿಗೂ ಇದು ವಿಷವೇ, ಮುಖ್ಯವಾಗಿ ನೆಲ ಕೆದಕಿ ಗಡ್ಡೆ ಜಗಿಯುವ ಮರಿಗಳಿಗೆ. ದನಗಳ ವಿಷಯದಲ್ಲಿ ಅಪಾಯ ಬೇರೊಂದು ದಾರಿಯಿಂದ ಬರುತ್ತದೆ. ನಿಂತ ಗಿಡಕ್ಕೆ ಅವು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದರೆ ಹಿತ್ತಲು ಸವರಿದವರು ಕತ್ತರಿಸಿದ ಎಲೆಯನ್ನು ಹುಲ್ಲಿನ ಹೊರೆಯೊಂದಿಗೆ ಕಟ್ಟಿ ತಂದರೆ, ಅಥವಾ ಹಟ್ಟಿಗೆ ಹಾಸುವ ಸೊಪ್ಪಿನೊಂದಿಗೆ ಬೆರೆಸಿದರೆ, ಬಾಡಿದ ಎಲೆಯನ್ನು ದನ ಬೇರ್ಪಡಿಸಿ ಬಿಟ್ಟು ಉಳಿದದ್ದನ್ನಷ್ಟೇ ತಿನ್ನುತ್ತದೆಂದು ನಂಬಿ ಕೂರುವಂತಿಲ್ಲ. ಸವರಿದ ಎಲೆ, ಕಿತ್ತ ಗಡ್ಡೆ ಎರಡನ್ನೂ ಹೊಂಡದಲ್ಲಿ ಹಾಕಿ ಮಣ್ಣು ಮುಚ್ಚುವುದೇ ಸರಿ. ಇದನ್ನು ಕೆಲಸಕ್ಕೆ ಬಂದವರಿಗೂ ಹೇಳಿಡಬೇಕು. ಗಿಡದ ಬಗ್ಗೆ ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿರಬೇಕೆಂದಿಲ್ಲ.

ಬಾವಿಯ ನೀರಿನ ಬಗ್ಗೆ ಭಯ ಬೇಡ. ಬದುಕಿರುವ ಗಡ್ಡೆ ತನ್ನ ವಿಷವನ್ನು ಅಂಗಾಂಶದೊಳಗೇ ಇಟ್ಟುಕೊಳ್ಳುತ್ತದೆ. ಬಾವಿಕಟ್ಟೆಯ ಪಕ್ಕದಲ್ಲಿ ಗಿಡವಿದೆ ಎಂಬುದರಿಂದ ನೀರು ವಿಷವಾಗುವುದಿಲ್ಲ. ಕಿತ್ತ ಗಡ್ಡೆ, ಕೊಳೆತ ಎಲೆ ಬಾವಿಗೆ ಬೀಳದಂತೆ ನೋಡಿಕೊಂಡರೆ ಸಾಕು. ಮಗು ಆಡುವ ಜಾಗ ಅದೇ ಆಗಿದ್ದರೆ ಶಾಲೆಗೆ ಹೋಗುವ ವಯಸ್ಸಿನವರೆಗೆ ಬುಡದ ಸುತ್ತ ಬೇಲಿ ಕಟ್ಟಿ; ಕಿತ್ತು ಎಸೆಯುವ ಅಗತ್ಯ ನಮಗೆ ಕಾಣುವುದಿಲ್ಲ.

ಗಿಡ ಇರಬಾರದ ಜಾಗ ಒಂದಿದೆ, ಅದು ಅರಶಿನದ ಸಾಲಿನ ಪಕ್ಕ. ನಾಗರಪಂಚಮಿಯ ಬೆಳಿಗ್ಗೆ, ಅರಶಿನದ ಎಲೆಯಲ್ಲಿ ಬೇಯಿಸುವ ಗಟ್ಟಿ ಎಂಬ ತಿಂಡಿ ಮಾಡಲು ಎಲೆ ಕೊಯ್ದು ತಾ ಎಂದು ಮಕ್ಕಳನ್ನು ಹಿತ್ತಲಿಗೆ ಕಳುಹಿಸುವುದು ನಮ್ಮಲ್ಲಿ ವಾಡಿಕೆ. ಅರಶಿನದ ಎಲೆಗೆ ಸ್ಪಷ್ಟವಾದ ತೊಟ್ಟು, ನಡುನರದಿಂದ ಓರೆಯಾಗಿ ಹೊರಡುವ ಗೆರೆಗಳು, ಕಿವುಚಿದರೆ ಪರಿಮಳ ಇರುತ್ತವೆ. ಕ್ರೈನಮ್ ಎಲೆಗೆ ತೊಟ್ಟಿಲ್ಲ, ಗೆರೆಗಳು ಉದ್ದಕ್ಕೆ ಸಮಾನಾಂತರ, ಮುರಿದರೆ ಲೋಳೆಯಂಥ ರಸ ಎಳೆಯಾಗಿ ಬರುತ್ತದೆ. ದೊಡ್ಡವರಿಗೆ ಇದು ಒಂದು ನೋಟಕ್ಕೆ ತಿಳಿಯುತ್ತದೆ. ಮಳೆಯಲ್ಲಿ ಗೊರಬೆ ಹೊದ್ದು ಗಡಿಬಿಡಿಯಲ್ಲಿ ಎಲೆ ಕೊಯ್ಯುವ ಹುಡುಗನಿಗೆ ತಿಳಿಯಲೇಬೇಕೆಂದಿಲ್ಲ. ಈರುಳ್ಳಿಯಂತೆ ಕಾಣುವ ಮರಿಗಡ್ಡೆಗಳನ್ನು ಅಡುಗೆಮನೆಯ ಅಟ್ಟದಲ್ಲೋ ತರಕಾರಿ ಬುಟ್ಟಿಯಲ್ಲೋ ಇಡಬಾರದೆಂಬುದೂ ಇದೇ ಕಾರಣಕ್ಕೆ.

ಪ್ರಶ್ನೆ: ಒಂದೇ ವಾರದಲ್ಲಿ ಕ್ರೈನಮ್ ಎಲೆಗಳೆಲ್ಲ ಬಿಳಿಚಿ, ಕಾಗದದಂತಾಗಿ ಜೋತುಬಿದ್ದಿವೆ. ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಗಳಿರುವ ಹುಳುಗಳು ಕಾಣುತ್ತಿವೆ. ಇಷ್ಟು ವಿಷದ ಗಿಡವನ್ನು ಹುಳು ಹೇಗೆ ತಿನ್ನುತ್ತದೆ? — ಕೃಷಿಕರು, ಕುಂದಾಪುರ

ಉತ್ತರ: ನೀವು ಬಣ್ಣಿಸಿದ್ದು ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿಹುಳು. ಕಾಲ್ಚಿಸಿನ್ ವಿಷವಿರುವ ಅಗ್ನಿಶಿಖೆಯ (ಗ್ಲೋರಿಯೋಸಾ) ಬಳ್ಳಿಯನ್ನೂ ಇದೇ ಹುಳು ಮೇಯುತ್ತದೆ, ಅದರ ಹೆಸರಿನಲ್ಲಿರುವುದೂ ಆ ಬಳ್ಳಿಯೇ. ಇಂಥ ಕೀಟಗಳ ದೇಹ ತಮ್ಮ ಆಹಾರದ ವಿಷಕ್ಕೆ ಹೊಂದಿಕೊಂಡಿರುತ್ತದೆ. ಎದ್ದು ಕಾಣುವ ಬಣ್ಣ, ತಾನು ತಿನ್ನಲು ಯೋಗ್ಯನಲ್ಲ ಎಂದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ.

ಮೊಟ್ಟೆಯೊಡೆದ ಮರಿಗಳು ಗುಂಪಾಗಿ ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ. ನೀವು ಕಂಡ ಕಾಗದದಂಥ ಎಲೆ ಅದರ ಫಲ. ಆ ಹಂತದಲ್ಲಿಯೇ ಎಲೆಯನ್ನು ಕತ್ತರಿಸಿ ಸಾಬೂನು ನೀರಿನಲ್ಲಿ ಮುಳುಗಿಸಿದರೆ ಇಡೀ ಸಂಸಾರ ಒಮ್ಮೆಗೇ ಮುಗಿಯುತ್ತದೆ. ಬಲಿತ ಹುಳುಗಳು ಎಲೆಯ ಬುಡದತ್ತ ಇಳಿದು ಕುತ್ತಿಗೆಯನ್ನು ತಿನ್ನತೊಡಗಿದರೆ ಗಡ್ಡೆ ಕೊಳೆಯುವ ಸಂಭವವಿದೆ, ಹಾಗಾಗಿ ಎಲೆಗಳ ಸಂದನ್ನು ಬಿಡಿಸಿ ನೋಡಿ. ಬೆಳಗಿನ ಹೊತ್ತು, ಕೈಗವಸು ಹಾಕಿಕೊಂಡು ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯ ನಾಲ್ಕು ಗಿಡ ಇಟ್ಟುಕೊಂಡವರಿಗೆ ಬೇರೆ ಇಲ್ಲ. ಗಿಡಗಳು ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಮಳೆಯಿಲ್ಲದ ಸಂಜೆ ಸಿಂಪಡಿಸಿ. ಕೋಶಾವಸ್ಥೆ ಮಣ್ಣಿನಲ್ಲಿ ಕಳೆಯುವುದರಿಂದ ಬುಡದ ಮೇಲ್ಮಣ್ಣನ್ನು ಕೆದಕಿ ಬಿಸಿಲಿಗೊಡ್ಡಿದರೆ ಮುಂದಿನ ಪೀಳಿಗೆ ತಗ್ಗುತ್ತದೆ. ಎಲೆಯೆಲ್ಲ ಹೋದರೂ ಗಡ್ಡೆ ಗಟ್ಟಿಯಾಗಿದ್ದರೆ ಹೊಸ ಎಲೆ ಬರುತ್ತದೆ, ಹೂವಿಗೆ ಮಾತ್ರ ಕಾಯಬೇಕು.

ಪ್ರಶ್ನೆ: ಅಡಿಕೆ ತೋಟದ ಕಣಿಯಲ್ಲಿ ನೆರಳಿನಲ್ಲಿ, ಹರಿಯುವ ನೀರಿನ ಅಂಚಿಗೆ, ದಪ್ಪ ಉದ್ದ ಎಲೆಯ ಗಿಡವೊಂದು ಹಬ್ಬಿದೆ. ಹೂವು ನೇರಳೆ ಬಣ್ಣದ ಮುಚ್ಚಿದ ಸೀಸೆಯಂತಿದೆ. ಕೆಸುವಿನ ಜಾತಿಯೆಂದು ಒಬ್ಬರು ಹೇಳಿದರು. ಪತ್ರೊಡೆಗೆ ಆಗುತ್ತದೆಯೇ? — ಓದುಗರು, ಕಾರ್ಕಳ

ಉತ್ತರ: ಖಂಡಿತ ಆಗುವುದಿಲ್ಲ. ಕೆಸುವಿನ ಕುಟುಂಬಕ್ಕೆ ಸೇರಿದ್ದು ಎಂಬುದಷ್ಟೇ ನಿಜ. ವಿವರಣೆಯನ್ನು ನೋಡಿದರೆ ಅದು ಲಾಜೆನಾಂಡ್ರಾ. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ಬೆಳೆಯುವ ಒಂದು ಜಾತಿಗೆ 1852ರಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ವಿಷದ ಅರ್ಥ ಬರುವಂತೆ ಟಾಕ್ಸಿಕೇರಿಯಾ ಎಂದೇ ಹೆಸರಿಟ್ಟಿದ್ದಾನೆ. ಗುರುತಿಸಲು ಬಿಚ್ಚದ ಎಳೆಯೆಲೆಯನ್ನು ಹತ್ತಿರದಿಂದ ನೋಡಿ. ಎಲೆಯ ಎರಡೂ ಅಂಚುಗಳು ಬೇರೆ ಬೇರೆಯಾಗಿ ಒಳಕ್ಕೆ ಸುತ್ತಿಕೊಂಡು ನಡುನರದ ಬಳಿ ಎರಡು ಸುರುಳಿಗಳಾಗಿ ಸೇರಿರುತ್ತವೆ. ಪತ್ರೊಡೆಯ ಕೆಸುವಿನ ಎಲೆ ಹೃದಯದ ಆಕಾರದ್ದು, ಅದರ ದಂಟು ಎಲೆಯ ಅಂಚಿಗಲ್ಲದೆ ಸ್ವಲ್ಪ ಒಳಗೆ, ಬೆನ್ನಿಗೆ ಅಂಟಿರುತ್ತದೆ. ಲಾಜೆನಾಂಡ್ರಾ ಎಲೆ ಭರ್ಜಿಯಂತೆ ನೀಳ, ದಂಟು ನೇರವಾಗಿ ಬುಡಕ್ಕೇ ಸೇರುತ್ತದೆ. ಆಟಿ ತಿಂಗಳಲ್ಲಿ ಕಾಡುಸೊಪ್ಪು ಹುಡುಕುವ ಉತ್ಸಾಹ ಒಳ್ಳೆಯದೇ, ಗುರುತು ಗೊತ್ತಿಲ್ಲದ ಎಲೆಗೆ ಹುಳಿ ಹಾಕಿ ನೋಡುವ ಪ್ರಯೋಗ ಬೇಡ.

ತೋಟದಲ್ಲಿ ಅದನ್ನು ಹಾಗೆಯೇ ಬಿಡಬಹುದು. ಅದರ ತೆವಳುವ ಬೇರುಕಾಂಡ ಕಣಿಯ ಅಂಚಿನ ಮಣ್ಣನ್ನು ಹಿಡಿದಿಡುತ್ತದೆ. ನೆರಳು ಮತ್ತು ಹರಿವ ನೀರು ಇದ್ದರೆ ಬೇರೆ ಆರೈಕೆ ಬೇಡ, ಬೇರುಕಾಂಡದ ತುಂಡಿನಿಂದಲೇ ಹೊಸ ಗಿಡವಾಗುತ್ತದೆ. ನೀರು ಕಟ್ಟುವಷ್ಟು ದಟ್ಟವಾದರೆ ಮಾತ್ರ ಕೈಗವಸು ಹಾಕಿ ಅರ್ಧ ತೆಗೆಯಿರಿ.

ಪ್ರಶ್ನೆ: ಕ್ರೈನಮ್ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಮಂಡಿಗೆ ಕಟ್ಟಿದರೆ ಬಾವು ಇಳಿಯುತ್ತದೆಯಂತೆ. ಮಾಡಬಹುದೇ? ಗಡ್ಡೆಯ ಕಷಾಯವೂ ಇದೆಯಂತೆ. — ಹಿರಿಯ ಓದುಗರು, ಸುರತ್ಕಲ್

ಉತ್ತರ: ಎಲೆ ಕಟ್ಟುವ ಪದ್ಧತಿ ಹಳೆಯದು, ಅನೇಕ ಕಡೆ ರೂಢಿಯಲ್ಲಿದೆ. ಗಾಯವಿಲ್ಲದ ಚರ್ಮಕ್ಕೆ, ಹರಿಯದ ಎಲೆಯಿಂದ, ಸ್ವಲ್ಪ ಹೊತ್ತು ಕಟ್ಟಿ ನೋಡುವುದಕ್ಕೆ ನಮ್ಮ ತಕರಾರಿಲ್ಲ. ತುರಿಕೆ ಶುರುವಾದರೆ ಕೂಡಲೇ ಬಿಚ್ಚಿ ಸಾಬೂನಿನಿಂದ ತೊಳೆಯಿರಿ. ಕಷಾಯದ ಮಾತನ್ನು ಮರೆತುಬಿಡಿ. ಆಟಿ ಅಮಾವಾಸ್ಯೆಯಂದು ಕಷಾಯಕ್ಕೆ ಹಾಲೆಮರದ ತೊಗಟೆಯ ಬದಲು ವಿಷದ ಕಾಸರಕನ ತೊಗಟೆ ತಂದ ಅನಾಹುತಗಳನ್ನು ಕೇಳಿರುವ ನಮ್ಮ ಜಿಲ್ಲೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಕಿಟಕಿಯ ಮೇಲೆ ಇಟ್ಟಿದ್ದ ಕ್ರೈನಮ್ ಕಾಯಿಯೊಂದು ಮಣ್ಣು, ನೀರು ಯಾವುದೂ ಇಲ್ಲದೆ ಮೊಳೆತಿದೆ. ಇದು ಗಿಡವಾಗುತ್ತದೆಯೇ? — ವಿದ್ಯಾರ್ಥಿನಿ, ಪಡುಬಿದ್ರಿ

ಉತ್ತರ: ಆಗುತ್ತದೆ. ಈ ಬೀಜಕ್ಕೆ ಸಾಮಾನ್ಯ ಬೀಜಗಳಂತೆ ಗಟ್ಟಿ ಸಿಪ್ಪೆಯಿಲ್ಲ, ಬೆಂಡಿನಂಥ ಹೊರಪದರ ಮಾತ್ರ ಇದೆ. ಒಳಗೆ ಮೊಳಕೆಗೆ ಬೇಕಾದ ಆಹಾರವೂ ತೇವವೂ ತುಂಬಿರುವುದರಿಂದ ಅದು ಹೊರಗಿನ ನೀರಿಗೆ ಕಾಯುವುದಿಲ್ಲ. ಆ ಬೆಂಡಿನ ಪದರದ ದೆಸೆಯಿಂದಲೇ ಬೀಜ ಅಳಿವೆಯ ನೀರಿನಲ್ಲಿ ತೇಲಿಹೋಗಿ ಇನ್ನೊಂದು ದಂಡೆಯಲ್ಲಿ ನೆಲೆಯೂರುತ್ತದೆ. ನಿಮ್ಮ ಬೀಜದಿಂದ ಹೊರಟಿರುವ ದಪ್ಪ ಬಿಳಿ ದಂಟು ಬೇರಲ್ಲ, ಬೀಜದಳದ ಭಾಗ. ಅದು ಮೊಳಕೆಯನ್ನು ದೂರಕ್ಕೆ ತಳ್ಳಿ ಮಣ್ಣಿಗೆ ಇಳಿಸುತ್ತದೆ, ಪುಟ್ಟ ಗಡ್ಡೆ ಅದರ ತುದಿಯಲ್ಲಿ ಆಗುತ್ತದೆ. ಆದ್ದರಿಂದ ಬೀಜವನ್ನು ಹೂಳಬೇಡಿ. ಹೊಯಿಗೆ ಬೆರೆಸಿದ ತೇವದ ಮಣ್ಣಿನ ಮೇಲೆ ಅಡ್ಡಲಾಗಿ ಇಟ್ಟು, ದಂಟಿನ ತುದಿ ಮಣ್ಣಿಗೆ ತಾಗುವಂತೆ ಮಾಡಿದರೆ ಸಾಕು. ಎರಡು ಮೂರು ಎಲೆ ಬರುವವರೆಗೆ ಹಳೆಯ ಬೀಜವನ್ನು ಕಿತ್ತು ಹಾಕಬೇಡಿ, ಸಸಿ ಅದರಿಂದಲೇ ಉಣ್ಣುತ್ತಿರುತ್ತದೆ. ಹೂವಿಗೆ ಮೂರು ನಾಲ್ಕು ವರ್ಷ ಬೇಕಾದೀತು. ಬೀಜವೂ ವಿಷಕಾರಿಯೇ ಆದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ, ಕಿಟಕಿಯ ಮೇಲಿನ ಉಳಿದ ಕಾಯಿಗಳನ್ನು ಮನೆಯ ಚಿಕ್ಕವರ ಕೈಗೆ ಸಿಗದಂತೆ ಎತ್ತಿಡಿ.